ಮಂಡಿಯೂರುವ ಗಾಡಿ ಕೊಂಡ ವಾಲ್ಡಿನ್

ಗಿರಾಕಿ ನನ್ನ ಹಳೇ ಗಾಡಿ ಮಾರುವ ಅಂಗಳಕ್ಕೆ ಬಂದಾಗ ನಾನು ಮೊದಲು ನೋಡುವುದು ಅವರು ಬಂದ ಗಾಡಿಯನ್ನು, ಆಮೇಲೆ ಬೂಟನ್ನು, ಕೊನೆಗೆ ಮುಖವನ್ನು. ಮುಖ ಸುಳ್ಳು ಹೇಳುತ್ತದೆ. ಬೂಟಿಗೆ ಅಷ್ಟು ಬುದ್ಧಿ ಇರುವುದಿಲ್ಲ. ವಾಲ್ಡಿನ್ ಹಾಲ್ಸನ್ ಆ ಜನವರಿಯ ಮಂಗಳವಾರ ಬಂದದ್ದು ಹದಿನೇಳು ವರ್ಷ ಹಳೆಯ ಸಣ್ಣ ಕಾರಿನಲ್ಲಿ. ಅದರ ಬಂಪರನ್ನು ಮೀನುಬಲೆಯ ಹಗ್ಗದಿಂದ ಬಿಗಿದಿದ್ದರು, ಗಂಟು ಮಾತ್ರ ಅಚ್ಚುಕಟ್ಟು. ಬೂಟು ಐದು ಚಳಿಗಾಲ ಕಂಡದ್ದು, ಒಳಗಿನ ಉಣ್ಣೆ ಹೊಸದು. ಹೆಂಗಸು, ವಯಸ್ಸು ಎಪ್ಪತ್ತೊಂದು, ಎತ್ತರ ನನ್ನ ಭುಜದಷ್ಟು, ಬಲಗಾಲಿನ ಮೇಲೆ ಭಾರ ಬಿಟ್ಟು ನಿಲ್ಲುವ ಅಭ್ಯಾಸ. ಎರಡು ಲೋಟ ಕಾಫಿ, ಒಂದು ತಾಸು ಮಾತು, ಕೊನೆಗೆ ಅಂಗಳದಲ್ಲೇ ಅತಿ ಅಗ್ಗದ ಪಿಕಪ್ಪು ಎಂದು ಮನಸ್ಸಿನಲ್ಲೇ ಚೀಟಿ ಅಂಟಿಸಿದೆ. ಅದರಲ್ಲಿ ಕಾಫಿಯ ಲೆಕ್ಕವೊಂದೇ ಸರಿಯಾಯಿತು.

ಅವರ ಕೈಯಲ್ಲಿದ್ದ ಕೋಲು ಮಾತ್ರ ನನ್ನ ಅಂದಾಜಿಗೆ ಸಿಗಲಿಲ್ಲ. ಪೊರಕೆಯ ಹಿಡಿಯನ್ನು ಕತ್ತರಿಸಿ ಮಾಡಿದ್ದು, ಒಂದು ಮೊಳಕ್ಕೆ ಎರಡು ಬೆರಳು ಕಡಿಮೆ.

ವಿನಿಪೆಗ್ ಸರೋವರದ ಈ ದಡದಲ್ಲಿ ವಾಲ್ಡಿನ್ ಯಾರೆಂದು ಯಾರಿಗೂ ಹೇಳಬೇಕಾಗಿಲ್ಲ. ಮೂವತ್ತನಾಲ್ಕು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದವರು. ನಾನೇ ಅದರಲ್ಲಿ ಹನ್ನೊಂದು ವರ್ಷ ಕೂತವನು. ಅದು ಗಾಳಿ ಬ್ರೇಕಿನ ಬಸ್ಸು. ಗಾಳಿಯಲ್ಲಿ ತೇವವಿರುತ್ತದೆ, ಗಾಳಿ ತುಂಬಿಡುವ ತೊಟ್ಟಿಯ ತಳದಲ್ಲಿ ಆ ತೇವ ನೀರಾಗಿ ನಿಲ್ಲುತ್ತದೆ, ಆ ನೀರು ನಮ್ಮ ಚಳಿಗೆ ಗಡ್ಡೆ ಕಟ್ಟಿ ಕೊಳವೆಗೆ ಬಿರಡೆ ಹಾಕುತ್ತದೆ. ಅದಕ್ಕೇ ಶಾಲೆಯ ಮುಂದೆ ನಾವೆಲ್ಲ ಇಳಿದ ಮೇಲೆ ವಾಲ್ಡಿನ್ ಬಗ್ಗಿ, ಕೆಳಗಿನ ಸರಪಳಿ ಎಳೆದು ತೊಟ್ಟಿಯ ನೀರು ಬಿಡುತ್ತಿದ್ದರು. ಆ 'ಪುಸ್ಸ್' ಕೇಳಿದ ಮೇಲೆಯೇ ನಮಗೆ ಶಾಲೆ ಶುರುವಾದಂತೆ. ಮೂವತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ಅವರ ಬ್ರೇಕು ಹೆಪ್ಪುಗಟ್ಟಿದ್ದಿಲ್ಲ.

"ಏನೋ ದೋರಿ, ಕಿಟಕಿ ಹಿಂದೆ ಕೂತ್ಕೊಂಡೇ ಗಿರಾಕಿ ಹಿಡೀತೀಯಾ? ಎದ್ದು ಬಾರೋ."

"ಬಂದೆ, ಬಂದೆ. ನಿಮ್ಮ ಹಾರ್ನ್ ಕೇಳಿದ್ರೆ ಈಗ್ಲೂ ಪುಸ್ತಕದ ಚೀಲ ಹುಡುಕ್ತೀನಿ."

"ಆಗ್ಲೂ ಹುಡುಕ್ತಾನೇ ಇದ್ದೆ. ಇಡೀ ಬಸ್ಸು ನಿನಗೋಸ್ಕರ ಕಾಯ್ತಿತ್ತು."

ಅವರು ಸಾಲಾಗಿ ನಿಂತ ಪಿಕಪ್ಪುಗಳ ಬಳಿಗೆ ಹೋಗಿ, ಒಂದೊಂದರ ಬಾಗಿಲ ಕೆಳಗಿನ ಮೆಟ್ಟಿಲಿಗೂ ಆ ಕೋಲನ್ನು ನಿಲ್ಲಿಸಿ ನೋಡತೊಡಗಿದರು. ಬೆಲೆಯ ಚೀಟಿಯನ್ನು ನೋಡಲಿಲ್ಲ, ಎಷ್ಟು ಮೈಲಿ ಓಡಿದೆ ಎಂದು ಕೇಳಲಿಲ್ಲ.

"ಇದು ಎತ್ತರ. ಇದೂ ಎತ್ತರ. ಇದನ್ನ ಹತ್ತೋಕೆ ಏಣಿ ಕೊಡ್ತೀಯಾ, ಇಲ್ಲ ಪ್ರಾರ್ಥನೆ ಮಾಡ್ಕೊಂಡು ಹತ್ಬೇಕಾ?"

"ಬಸ್ಸು ಹತ್ತಿ ಇಳಿದವರು ನೀವು. ನಿಮಗೇನು ಕಷ್ಟ?"

"ನನಗಲ್ಲ ಕಣೋ. ಸ್ಟೈನಿಗೆ."

ಸ್ಟೈನಿ ಬೋರ್ಗ್‌ಫ್ಯೋರ್ಡ್ ನಲವತ್ತಾರು ಚಳಿಗಾಲ ಸರೋವರದ ಮಂಜುಗಡ್ಡೆಯ ಹೆಪ್ಪಿನ ಕೆಳಗೆ ಬಲೆ ಬಿಟ್ಟ ಮೀನುಗಾರ. ಆಗಲೇ ಎರಡು ವರ್ಷದಿಂದ ದಡದ ಮೇಲಿನ ವೃದ್ಧರ ಆರೈಕೆಮನೆಯಲ್ಲಿದ್ದ. ಎಡ ಸೊಂಟದ ಕೀಲು ಬಾಗುತ್ತಿರಲಿಲ್ಲ. ಅವನಿಗೆ ಇದ್ದದ್ದು ಒಂದೇ ಆಸೆ: ಸರೋವರದೊಳಗಿನ ದ್ವೀಪದ ಆಚೆ, ಹೆಪ್ಪಿನ ಮೇಲೆ ಹನ್ನೊಂದು ಕಿಲೋಮೀಟರು ದೂರದಲ್ಲಿ ಮೀನುಗಾರರ ಗುಡಿಸಲಿದೆ, ಅಲ್ಲಿಗೆ ಹೋಗಿ, ಬಲೆ ಎತ್ತುವುದನ್ನು ಇನ್ನೊಮ್ಮೆ ನೋಡಬೇಕು. ಆರೈಕೆಮನೆಯ ವ್ಯಾನು ಹೆಪ್ಪಿನ ಮೇಲೆ ಇಳಿಯುವುದಿಲ್ಲ. ವಾಲ್ಡಿನ್ ಅವರ ಕಾರು ಇಳಿದರೆ ಮೊದಲ ಹಿಮದ ದಿಬ್ಬದಲ್ಲೇ ಹೂತುಹೋಗುತ್ತದೆ. ಪಿಕಪ್ಪೇ ಆಗಬೇಕು. ಅವರು ಆರೈಕೆಮನೆಯ ಪ್ರಾರ್ಥನೆ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ ಸ್ಟೈನಿಯ ಕಾಲು ಎತ್ತಿಸಿದ್ದರು. ಎಷ್ಟು ಪುಸ್ತಕದವರೆಗೆ ಕಾಲು ಏರಿತೋ ಅಷ್ಟಕ್ಕೆ ಪೊರಕೆ ಕತ್ತರಿಸಿದ್ದರು.

ಅವನು ಇವರಿಗೆ ಏನಾಗಬೇಕು ಎಂದು ನಾನು ಕೇಳಲಿಲ್ಲ. ನಮ್ಮೂರಿನಲ್ಲಿ ನಲವತ್ತು ವರ್ಷದಿಂದ ಯಾರೂ ಕೇಳಿರಲಿಲ್ಲ. ಇಬ್ಬರೂ ಮದುವೆಯಾದವರಲ್ಲ. ಎಲ್ಲರಿಗೂ ಗೊತ್ತಿದ್ದದ್ದು ಇಷ್ಟೇ: ಶಾಲೆಯಿರುವ ದಿನ ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಬಸ್ಸು ಸ್ಟೈನಿಯ ಗೇಟನ್ನು ದಾಟುತ್ತಿತ್ತು. ಸ್ಟೈನಿ ಸರೋವರಕ್ಕೆ ಹೊರಡುವ ಮುನ್ನ ಗೇಟಿನಲ್ಲಿ ತನ್ನ ಗಾಡಿಯೊಳಗೆ ಕೂತಿರುತ್ತಿದ್ದ. ದೀಪವನ್ನು ಎರಡು ಸಲ ಮಿಟುಕಿಸುತ್ತಿದ್ದ. ಬಸ್ಸು ಎರಡು ಸಲ ಮಿಟುಕಿಸುತ್ತಿತ್ತು. ಹಿಂದಿನ ಸೀಟಿನವರು ನಾವು ಅದನ್ನು ಗಡಿಯಾರ ಸರಿಮಾಡಿಕೊಳ್ಳಲು ಬಳಸುತ್ತಿದ್ದೆವು.

ನಾನು ವ್ಯಾಪಾರಿ. ಉಕ್ಕಿನ ಸ್ಪ್ರಿಂಗಿನ ಒಂದು ಗಟ್ಟಿ ಗಾಡಿಯನ್ನು ಮುಂದೆ ಮಾಡಿದೆ.

"ಇದು ಚಳಿಗೆ ಜಗ್ಗಲ್ಲ. ಜೊತೆಗೊಂದು ಸ್ಟೂಲು ಕೊಡ್ತೀನಿ, ಪುಕ್ಕಟೆ."

"ಮಂಜುಗಡ್ಡೆ ಮೇಲೆ ಸ್ಟೂಲಾ? ನಾನು ಸ್ಟೈನಿಯನ್ನ ಕರ್ಕೊಂಡು ಹೋಗ್ಬೇಕು ಅಂತಿದೀನಿ, ಹೂಳೋಕಲ್ಲ."

ಆಗ ಹಿಂದಿನ ಸಾಲಿನ ಬೂದು ಬಣ್ಣದ ಗಾಡಿಯ ಬಳಿಗೆ ಕರೆದೊಯ್ದೆ. ನಗರದ ಹಲ್ಲಿನ ಡಾಕ್ಟರೊಬ್ಬರು ಕೊಟ್ಟು ಹೋದದ್ದು. ಅದಕ್ಕೆ ಸ್ಪ್ರಿಂಗಿನ ಬದಲು ನಾಲ್ಕು ಮೂಲೆಯಲ್ಲಿ ನಾಲ್ಕು ರಬ್ಬರಿನ ಗಾಳಿಚೀಲ. ಗುಂಡಿ ಒತ್ತಿದರೆ ಚೀಲ ಇಳಿದು ಗಾಡಿ ಒಂಟೆಯಂತೆ ಮಂಡಿಯೂರುತ್ತದೆ, ಇನ್ನೊಂದು ಒತ್ತಿದರೆ ಏಳುತ್ತದೆ. ಒತ್ತಿದೆ. ನಿಟ್ಟುಸಿರು ಬಿಟ್ಟು ಇಳಿಯಿತು. ವಾಲ್ಡಿನ್ ಕೋಲನ್ನು ಮೆಟ್ಟಿಲ ಪಕ್ಕ ನಿಲ್ಲಿಸಿದರು. ಕೋಲಿನ ತುದಿಯೂ ಮೆಟ್ಟಿಲೂ ಸಮವಾದವು.

ಅವರು ಕೋಲನ್ನೇ ನೋಡುತ್ತಾ ನಿಂತರು, ನಾನು ಕಾಫಿ ತರಲು ಒಳಗೆ ಹೋಗಿ ಬರುವವರೆಗೂ.

"ಚಳಿಗೆ ಹೇಗಿದೆ ಇದು?"

"ಯಾವ ದೂರೂ ಬಂದಿಲ್ಲ."

"ಆ ಹಲ್ಲಿನ ಡಾಕ್ಟರನ್ನ ವಿಚಾರಿಸಿದ್ಯಾ?"

"ಇಲ್ಲ."

"ಮತ್ತೆ ದೂರು ಎಲ್ಲಿಂದ ಬರುತ್ತೆ?"

ಸಿಕ್ಕಿಬಿದ್ದ ಮೇಲೆ ಗೊತ್ತಿದ್ದದ್ದನ್ನು ಹೇಳಿದೆ. ಚಳಿಗೆ ಚೀಲದ ರಬ್ಬರು ಬಿರುಸಾಗುತ್ತದೆ, ಗಾಳಿ ಒತ್ತುವ ಕಂಪ್ರೆಸರು ಸೋಮಾರಿಯಾಗುತ್ತದೆ, ಏಳುವುದು ನಿಧಾನ. ಆದರೆ ಇದು ಹೊರಗಿನ ಗಾಳಿಯನ್ನು ಸೇದುವ ಜಾತಿಯದ್ದಲ್ಲ; ಒಳಗೆ ತುಂಬಿರುವುದು ಒಣ ನೈಟ್ರೋಜನ್. ಅದೇ ಚೀಲದಿಂದ ತೊಟ್ಟಿಗೆ, ತೊಟ್ಟಿಯಿಂದ ಚೀಲಕ್ಕೆ ಓಡಾಡುತ್ತದೆ. ತೇವ ಒಳಹೋಗದಿದ್ದರೆ ಹೆಪ್ಪುಗಟ್ಟುವುದಕ್ಕೆ ಅಲ್ಲಿ ಏನೂ ಇಲ್ಲ.

"ತೇವ ಯಾಕೆ ಹೋಗುತ್ತೆ?"

"ಯಾರಾದ್ರೂ ತಲೆಯಿಲ್ಲದವನು ಮಾಮೂಲಿ ಗಾಳಿ ತುಂಬಿದ್ರೆ ಹೋಗುತ್ತೆ."

ಈ ಮಾತನ್ನು ಹೇಳಿದವನು ನಾನೇ. ನೆನಪಿಡಿ.

ಅವರು ಒಂದು ಷರತ್ತು ಹಾಕಿದರು. ಬುಧವಾರ ಇಡೀ ರಾತ್ರಿ ಗಾಡಿ ಬಯಲಲ್ಲಿ ನಿಲ್ಲಬೇಕು, ಎಂಜಿನ್ನನ್ನು ಬೆಚ್ಚಗಿಡುವ ಕರೆಂಟಿನ ತಂತಿ ಸಿಕ್ಕಿಸಬಾರದು. ನಮ್ಮೂರಿನಲ್ಲಿ ಹಾಗೆ ಮಾಡುವುದು ಕುದುರೆಗೆ ಮೇವು ಹಾಕದೆ ಓಟಕ್ಕೆ ಬಿಟ್ಟಂತೆ. ಗೊಣಗಿಕೊಂಡು ಒಪ್ಪಿದೆ. ಗುರುವಾರ ಬೆಳಿಗ್ಗೆ ಮೈನಸ್ ಮೂವತ್ತನಾಲ್ಕು. ಏಳು ಗಂಟೆಗೇ ಬಂದರು. ಎಂಜಿನ್ ನಮ್ಮ ವಂಶವನ್ನೆಲ್ಲ ಶಪಿಸಿ ಶುರುವಾಯಿತು. ಇಳಿಯುವ ಗುಂಡಿಗೆ ಗಾಡಿ ಇಳಿಯಿತು. ಏರುವ ಗುಂಡಿ ಒತ್ತಿ ವಾಲ್ಡಿನ್ ಕೈಗಡಿಯಾರ ನೋಡಿದರು. ಕಂಪ್ರೆಸರು ಮುದಿ ನಾಯಿಯಂತೆ ಗುರುಗುಟ್ಟಿತು. ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ನಾಲ್ಕು ಮೂಲೆಯೂ ಎದ್ದು ನಿಂತವು.

"ಸ್ಟೈನಿಗಿಂತ ಬೇಗ ಏಳುತ್ತೆ," ಎಂದರು. "ಶನಿವಾರ ಬೆಳಿಗ್ಗೆ ಬೇಕು. ಒಂದು ಗಂಟೆವರೆಗೂ ಹೊರಗಿರೋಕೆ ಪರ್ಮಿಷನ್ ತಗೊಂಡಿದೀನಿ."

ಬೆಲೆಯಲ್ಲಿ ಚೌಕಾಶಿ ಮಾಡಲಿಲ್ಲ. ಚೌಕಾಶಿ ಮಾಡದ ಗಿರಾಕಿಯನ್ನು ಕಂಡರೆ ನನಗೆ ಅಂಜಿಕೆ. ಅಂಥವರು ಕೊಳ್ಳಲು ಬಂದಿರುವುದು ನನ್ನ ಹತ್ತಿರ ಇಲ್ಲದ ವಸ್ತುವನ್ನು.

ಶುಕ್ರವಾರ ಮಧ್ಯಾಹ್ನ ಗಾಡಿಯನ್ನು ಗಾಡಿ ರಿಪೇರಿಯ ಬೆಚ್ಚಗಿನ ಕೊಟ್ಟಿಗೆಗೆ ತಂದು ಬಿಸಿನೀರಿನಲ್ಲಿ ತೊಳೆದೆ. ಕೊಳೆಯಾದ ಗಾಡಿಯನ್ನು ನಾನು ಯಾರಿಗೂ ಒಪ್ಪಿಸಿದವನಲ್ಲ, ಅದೊಂದು ಜಂಬ. ಒರೆಸುವಾಗ ಕಂಡಿತು, ಹಿಂದಿನ ಎಡ ಮೂಲೆ ಒಂದು ಬೆರಳು ತಗ್ಗಿದೆ. ಒಳಗಿನ ಒತ್ತಡ ತುಸು ಕಡಿಮೆಯಾಗಿತ್ತು. ಒಣ ನೈಟ್ರೋಜನ್ ತುಂಬುವ ಅಂಗಡಿ ಅರವತ್ತು ಕಿಲೋಮೀಟರು ದೂರ, ನಾಲ್ಕು ಗಂಟೆಗೆ ಮುಚ್ಚುತ್ತದೆ. ನನ್ನ ಕಂಪ್ರೆಸರಿನ ಕೊಳವೆ ಗೋಡೆಯ ಮೇಲೆ ಕೈಗೆಟಕುವಂತೆ ನೇತಾಡುತ್ತಿತ್ತು. ಆವಿ ತುಂಬಿದ ಕೊಟ್ಟಿಗೆಯಲ್ಲಿ, ಎಷ್ಟು ವಾರದಿಂದ ನೀರು ಬಿಡದಿದ್ದ ತೊಟ್ಟಿಯಿಂದಲೋ, ಐದು ಎಣಿಸುವಷ್ಟು ಹೊತ್ತು ಗಾಳಿ ಕೊಟ್ಟೆ. ಮೂಲೆ ಸಮವಾಯಿತು. ಗಾಡಿ ಕನ್ನಡಿಯಂತೆ ಹೊಳೆಯಿತು.

ಸಂಜೆ ವಾಲ್ಡಿನ್ ಬೀಗದ ಕೈ ತೆಗೆದುಕೊಳ್ಳುವಾಗ ಕೇಳಿದರು. "ಎಲ್ಲಾ ನೋಡಿದ್ಯಾ?"

"ಎಲ್ಲಾ ನೋಡಿದೀನಿ."

ಸುಳ್ಳಲ್ಲ. ನೋಡಿದ್ದೆ.

ಶನಿವಾರ ಹತ್ತೂಕಾಲಿಗೆ ಫೋನು ಬಂತು. "ದೋರಿ, ಸರೋವರಕ್ಕೆ ಇಳಿಯೋ ದಾರಿ ಹತ್ರ ಇದೀವಿ. ಗಾಡಿ ಮಂಡಿಯೂರಿದ್ದು ಏಳ್ತಿಲ್ಲ."

ಹೋಗಿ ನೋಡಿದರೆ ಆ ಹೊಳೆಯುವ ಗಾಡಿ ಮೊಟ್ಟೆಯಿಡಲು ಕೂತ ಬಾತುಕೋಳಿಯಂತೆ ರಸ್ತೆಗೆ ಹೊಟ್ಟೆ ತಾಗುವಷ್ಟು ತಗ್ಗಿ ಕೂತಿತ್ತು. ಆರೈಕೆಮನೆಯ ಬಾಗಿಲಲ್ಲಿ ಸರಿಯಾಗಿ ಇಳಿದಿತ್ತು. ಸ್ಟೈನಿ ಪುಸ್ತಕದ ಲೆಕ್ಕದಂತೆ ಕಾಲೆತ್ತಿ ತಾನೇ ಹತ್ತಿದ್ದ. ನರ್ಸುಗಳು ಚಪ್ಪಾಳೆ ತಟ್ಟಿದ್ದರಂತೆ. ಊರೊಳಗಿನ ರಸ್ತೆ ನುಣುಪು, ಹಾಗಾಗಿ ಇಲ್ಲಿಯವರೆಗೆ ತೆವಳಿಕೊಂಡು ಬಂದಿದ್ದರು. ಮುಂದೆ ಹಿಮ ತಳ್ಳುವ ಯಂತ್ರ ಬಿಟ್ಟುಹೋದ ಮೊಣಕಾಲೆತ್ತರದ ಏರಿ. ಅದನ್ನು ದಾಟಿದರೆ ಸರೋವರ, ಹೆಪ್ಪಿನ ಮೇಲೆ ದ್ವೀಪದ ಕಡೆಗೆ ದಾರಿ ತೋರಿಸಲು ನೆಟ್ಟ ಸ್ಪ್ರೂಸ್ ಮರದ ಕೊಂಬೆಗಳ ಸಾಲು. ಬಹಳ ದೂರದಲ್ಲಿ, ಚುಕ್ಕಿಯಷ್ಟು, ಗುಡಿಸಲಿನ ಹೊಗೆ.

ವಾಲ್ಡಿನ್ ಕಿಟಕಿಯನ್ನು ಎರಡು ಬೆರಳು ಇಳಿಸಿದರು.

"ಯಾವ ಗಾಳಿ ಹಾಕ್ದೆ ಇದಕ್ಕೆ?"

ನಾನು ಏರಿಯ ಕಡೆ ನೋಡಿದೆ. "ಅಂಗಡಿಯದು. ಸ್ವಲ್ಪವೇ."

"ತೊಟ್ಟಿ ನೀರು ಬಿಟ್ಟಿದ್ಯಾ?"

ನಾನು ತಾಡಪಾಲು ತರಲು ನನ್ನ ಗಾಡಿಯ ಕಡೆ ತಿರುಗಿದೆ.

"ಹನ್ನೊಂದು ವರ್ಷ ದಿನಾ ಆ ಸದ್ದು ಕೇಳಿಸ್ಕೊಂಡಿದೀಯಲ್ಲೋ," ಎಂದರು, ಬೈಗುಳವೇ ಅಲ್ಲದ ದನಿಯಲ್ಲಿ. ಕಿಟಕಿ ಏರಿಸಿದರು.

ಗಾಡಿಯ ಸುತ್ತ ತಾಡಪಾಲು ಇಳಿಬಿಟ್ಟು, ಎಂಜಿನ್ ನಿಲ್ಲಿಸಿ, ಒಂದು ಸಣ್ಣ ಗ್ಯಾಸ್ ಹೀಟರನ್ನು ಪಕ್ಕಕ್ಕಿಟ್ಟು, ಹಿಮ ಕೆರೆದು ಅಡಿಗೆ ತೂರಿದೆ. ಚೀಲಕ್ಕೆ ಗಾಳಿ ಬಿಡುವ ಕವಾಟದೊಳಗೆ ಹನಿಯಷ್ಟು ನೀರು ಕಲ್ಲಾಗಿತ್ತು. ಬೆಂಕಿಯನ್ನು ಹತ್ತಿರ ತಂದರೆ ರಬ್ಬರು ಸುಟ್ಟೀತು. ಬಿಸಿ ಮಾಡಿದ ಬಟ್ಟೆಯನ್ನು ಸುತ್ತಿ ಸುತ್ತಿ ಕಾಯಬೇಕು. ನನ್ನ ಮೂಗಿನಿಂದ ಗೇಣುದ್ದ ಮೇಲೆ ಗಾಡಿಯ ತಳ. ಅದರ ಮೇಲೆ ಅವರಿಬ್ಬರ ಪಾದಗಳು. ಕದ್ದು ಕೇಳುವ ಉದ್ದೇಶವಿರಲಿಲ್ಲ. ಕಿವಿ ಮುಚ್ಚಿಕೊಳ್ಳಲು ಕೈ ಬಿಡುವಿರಲಿಲ್ಲ.

ಫ್ಲಾಸ್ಕಿನ ಮುಚ್ಚಳ ತೆರೆದ ಸದ್ದು. ಸಕ್ಕರೆಯ ಅಚ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಕಾಫಿ ಹೀರುವುದು ಸ್ಟೈನಿಯ ರೂಢಿ. ಆ ಹೀರುವ ಸದ್ದೂ ಕೇಳಿತು.

"ಕೇಕು ತಗೋ. ಏಳು ಪದರ ಇದೆ."

"ನಿಮ್ಮಮ್ಮನ ಕೇಕಲ್ಲಿ ಒಂಬತ್ತಿರ್ತಿತ್ತು."

"ನಮ್ಮಮ್ಮ ಬಸ್ಸು ಓಡಿಸ್ತಿರ್ಲಿಲ್ಲ."

ಅಗಿಯುವ ಸದ್ದು. ಆಮೇಲೆ ಸ್ಟೈನಿ ಕೇಳಿದ. "ವಾಲ್ಡಿನ್, ನೀನು ಯಾಕೆ ಒಂದ್ಸಲಾನೂ ನನ್ನ ಗೇಟಲ್ಲಿ ನಿಲ್ಲಿಸ್ಲಿಲ್ಲ?"

"ಬಸ್ಸಲ್ಲಿ ಇಪ್ಪತ್ತಾರು ಮಕ್ಕಳಿರ್ತಿದ್ರು, ಮಹರಾಯ."

"ಶನಿವಾರ ಇರ್ತಿರ್ಲಿಲ್ಲ."

"ಶನಿವಾರ ಬಂದಿದ್ದೆ."

ಕಾಫಿ ಹೀರುವುದು ನಿಂತಿತು.

"ಯಾವಾಗ?"

"ನಿಮ್ಮಪ್ಪ ಹೋದ ವರ್ಷ. ಫೆಬ್ರವರಿ. ಕಾರು ತಗೊಂಡು ಬಂದೆ. ನಿನ್ನ ಬಾಗಿಲಲ್ಲಿ ಹತ್ತು ನಿಮಿಷ ನಿಂತಿದ್ದೆ. ನೀನು ಬಲೆ ಎತ್ತೋಕೆ ಹೋಗಿದ್ದೆ."

"ಹೇಳೋದಲ್ವಾ!"

"ಹೇಳ್ದೆ. ಸೋಮವಾರ ಬೆಳಿಗ್ಗೆ ಎರಡು ಸಲದ ಬದಲು ಮೂರು ಸಲ ದೀಪ ಮಿಟುಕಿಸ್ದೆ. ಆ ವಾರ ಪೂರ್ತಿ ಮೂರು ಮೂರು ಸಲ."

ನನ್ನ ಕೈಯ ಬಟ್ಟೆ ಆರಿಹೋಯಿತು, ಬದಲಾಯಿಸಲಿಲ್ಲ.

"ನೆನಪಿದೆ," ಎಂದ ಸ್ಟೈನಿ. "ನಾನು ನಿನ್ನ ಸ್ವಿಚ್ ಕೆಟ್ಟಿದೆ ಅನ್ಕೊಂಡೆ. ಶಾಲೆ ಗ್ಯಾರೇಜಿಗೆ ಹೋಗಿ ಹೇಳ್ದೆ, ನೋಡ್ರಪ್ಪ, ಚಳೀಲಿ ದೀಪ ಕೈಕೊಟ್ರೆ ಕಷ್ಟ ಅಂತ."

"ಅಯ್ಯೋ, ಅದಕ್ಕಾ ಅವರು ಸ್ವಿಚ್ ಬದಲಾಯಿಸಿದ್ದು! ಚೆನ್ನಾಗಿರೋ ಸ್ವಿಚ್ಚು!"

"ಆಮೇಲೆ ನೀನು ಮತ್ತೆ ಎರಡೇ ಸಲ ಮಾಡ್ದೆ. ನಾನು, ಪರವಾಗಿಲ್ಲ, ರಿಪೇರಿ ಮಾಡಿದಾರೆ ಅನ್ಕೊಂಡೆ."

ವಾಲ್ಡಿನ್ ನಗತೊಡಗಿದರು. ಸ್ಟೈನಿಯೂ ನಕ್ಕ. ಸೊಂಟ ಬಾಗದ ಮನುಷ್ಯ ನಕ್ಕರೆ ಇಡೀ ಸೀಟು ಅಲುಗುತ್ತದೆ. ಗಾಡಿಯ ತಳ ನನ್ನ ಮೂಗಿನ ಮೇಲೆ ಕುಣಿಯಿತು. ಆಮೇಲೆ ನಗು ನಿಂತಿತು, ಇಬ್ಬರದೂ ಒಟ್ಟಿಗೆ. ನಾನು ಬಟ್ಟೆಯನ್ನು ಮತ್ತೆ ಬಿಸಿಮಾಡಿ ಕವಾಟಕ್ಕೆ ಸುತ್ತಿದೆ.

ಹನ್ನೆರಡೂ ಇಪ್ಪತ್ತಕ್ಕೆ ಕವಾಟ ಕರಗಿತು. ಎಂಜಿನ್ ಶುರುಮಾಡಿ ಗುಂಡಿ ಒತ್ತಿದರೆ ಗಾಡಿ ನಡುಗುತ್ತಾ ಎದ್ದಿತು. ಏರಿಯಾಚೆ ಹೋಗುವಷ್ಟು ಎತ್ತರ. ಆದರೆ ಒಂದು ಗಂಟೆಗೆ ಆರೈಕೆಮನೆಯಲ್ಲಿರಬೇಕು; ಹೆಪ್ಪಿನ ಮೇಲೆ ಹನ್ನೊಂದು ಕಿಲೋಮೀಟರೆಂದರೆ ಹೋಗಲೇ ನಲವತ್ತು ನಿಮಿಷ. ಸ್ಟೈನಿಯ ತುಟಿ ನೀಲಿಯಾಗಿತ್ತು.

"ಏರಿ ದಾಟಿ ಸ್ವಲ್ಪ ದೂರ ಹೋಗಿ ಬರೋಣ್ವಾ?" ಎಂದರು ವಾಲ್ಡಿನ್. "ಹೆಪ್ಪು ಮುಟ್ಟಿ ಬರೋಣ."

ಸ್ಟೈನಿ ಆ ಹೊಗೆಯ ಚುಕ್ಕಿಯನ್ನು ನೋಡಿದ. "ಬೇಡ. ಅರ್ಧ ಹೋಗಿ ತಿರುಗಿದ್ರೆ ನಿದ್ದೆ ಬರಲ್ಲ. ಮುಂದಿನ ಶನಿವಾರ ಪೂರ್ತಿ ಹೋಗೋಣ."

ಸೋಮವಾರ ನಾನು ಆ ಗಾಡಿಯನ್ನು ಅರವತ್ತು ಕಿಲೋಮೀಟರು ಓಡಿಸಿಕೊಂಡು ಹೋಗಿ, ಒಳಗಿದ್ದದ್ದನ್ನೆಲ್ಲ ಹೊರಹಾಕಿಸಿ, ಒಣ ನೈಟ್ರೋಜನ್ ತುಂಬಿಸಿ ತಂದೆ. ಮುಂದಿನ ಶನಿವಾರ ಹಿಮಗಾಳಿ, ಎದುರಿನ ಮನೆ ಕಾಣದು. ಅದರ ಮುಂದಿನ ವಾರ ಆರೈಕೆಮನೆಗೆ ಜ್ವರ ಹೊಕ್ಕಿತು. ಮೂರು ವಾರ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಬಾಗಿಲು ತೆರೆಯುವ ಹೊತ್ತಿಗೆ ಬಿಸಿಲು ಬಂದು ದ್ವೀಪದ ಬಳಿ ಹೆಪ್ಪು ಬಿರುಕು ಬಿಟ್ಟಿತ್ತು, ದಾರಿಗೆ ಅಡ್ಡ ಹಗ್ಗ ಕಟ್ಟಿದ್ದರು. ಬರುವ ಚಳಿಗಾಲದಲ್ಲಿ ನೋಡೋಣ ಎಂದುಕೊಂಡರು. ಶರತ್ಕಾಲದಲ್ಲಿ ಸ್ಟೈನಿಯ ಇನ್ನೊಂದು ಸೊಂಟವೂ ಬಿಗಿಯಿತು. ಈಗ ಅವನು ಕೂರಲಾರ. ಯಾವ ಗಾಡಿ ಎಷ್ಟು ಮಂಡಿಯೂರಿದರೂ ಪ್ರಯೋಜನವಿಲ್ಲ.

ಇದು ಮೂರನೇ ಚಳಿಗಾಲ. ಗಾಡಿ ಒಮ್ಮೆಯೂ ಕೈಕೊಟ್ಟಿಲ್ಲ. ಮೈನಸ್ ನಲವತ್ತರಲ್ಲೂ ಐದು ನಿಮಿಷದೊಳಗೆ ಏಳುತ್ತದೆ. ಚಳಿಯಲ್ಲಿ ಗಾಳಿಚೀಲ ನಂಬಬಹುದೇ ಎಂದು ಗಿರಾಕಿಗಳು ಕೇಳಿದರೆ, ಚೀಲವನ್ನು ನಂಬಬಹುದು, ತುಂಬಿದವನನ್ನು ವಿಚಾರಿಸಿ ಎನ್ನುತ್ತೇನೆ. ಹಾಗೆ ಹೇಳಿ ಎರಡು ವ್ಯಾಪಾರ ಕಳೆದುಕೊಂಡಿದ್ದೇನೆ.

ವಾಲ್ಡಿನ್ ಶನಿವಾರ ಶನಿವಾರ ಒಬ್ಬರೇ ಹೆಪ್ಪಿನ ಮೇಲೆ ಹೋಗುತ್ತಾರೆ. ಪಕ್ಕದ ಸೀಟಿನಲ್ಲಿ ಆ ಕೋಲು ಇನ್ನೂ ಇದೆ. ಗುಡಿಸಲಿನಲ್ಲಿ ಯಾರಿದ್ದರು, ಬಲೆಗೆ ಎಷ್ಟು ಬಿತ್ತು, ಹೆಪ್ಪು ಎಷ್ಟು ದಪ್ಪ, ಎಲ್ಲವನ್ನೂ ನೋಡಿಕೊಂಡು ಸಂಜೆ ಸ್ಟೈನಿಯ ಹಾಸಿಗೆಯ ಪಕ್ಕ ಕೂತು ಹೇಳುತ್ತಾರೆ. ಅವನು ತಪ್ಪು ಹಿಡಿಯುತ್ತಾನೆ. ಆ ಜಾಗದಲ್ಲಿ ಬಲೆ ಬಿಡೋನು ಮುಠ್ಠಾಳ ಎನ್ನುತ್ತಾನೆ. ಗುಡಿಸಲಿನಿಂದ ಹಿಂತಿರುಗುವಾಗ, ಅವನ ಕಿಟಕಿಗೆ ಕಾಣುವಷ್ಟು ದೂರದಲ್ಲಿ, ಹೆಪ್ಪಿನ ಮೇಲೆಯೇ ಗಾಡಿ ನಿಲ್ಲಿಸಿ ದೀಪವನ್ನು ಮೂರು ಸಲ ಮಿಟುಕಿಸುತ್ತಾರೆ. ನಾನು ದಡದಿಂದ ನೋಡಿದ್ದೇನೆ.

ಆ ದಿನದ ಬಗ್ಗೆ ಅವರು ನನ್ನನ್ನು ಒಂದು ಮಾತೂ ಅಂದಿಲ್ಲ. ಕಳೆದ ವಾರ ಬಂದು ವೈಪರು ಕೊಂಡು ಹೋದರು. ಹೋಗುವಾಗ ಕೊಟ್ಟಿಗೆಯ ಕಡೆಗೆ ಕಿವಿಯಿಟ್ಟು ನಿಂತರು. ನಾನು ಒಳಗೆ ಹೋಗಿ ಕಂಪ್ರೆಸರಿನ ತೊಟ್ಟಿಯ ನೀರು ಬಿಟ್ಟೆ. 'ಪುಸ್ಸ್' ಎಂದಿತು. ತಲೆಯಾಡಿಸಿ ಹೊರಟರು.

ಅವರ ಗಾಡಿಯಲ್ಲಿ ಒಂದು ಹನಿ ನೀರು ಬಿಟ್ಟವನು ನಾನು. ವಾಲ್ಡಿನ್ ಹಾಲ್ಸನ್‌ಗೆ ನಾನು ಒಂದು ಶನಿವಾರ ಬಾಕಿ ಇದ್ದೇನೆ.